ಒಂದೇ ದಂಡೆಯ ಮೇಲೆ ನಾಲ್ಕು ದಿನ

ಏಪ್ರಿಲ್ ಎರಡನೆಯ ವಾರದಲ್ಲಿ ನಾವು ಐದು ಜನ, ಅಂದರೆ ನಾನು, ನಮ್ಮ ಮನೆಯವರು, ಅತ್ತೆಯವರು, ಎರಡನೆಯ ತರಗತಿ ಮುಗಿಸಿದ ಮಗಳು ಮತ್ತು ಮೂರೂವರೆ ವರ್ಷದ ಮಗ, ಅಂಡಮಾನಿಗೆ ಹೋಗಿ ಬಂದೆವು. ಬಂದಾಗಿನಿಂದ ಕಲಬುರಗಿಯಲ್ಲಿ ಭೇಟಿಯಾದವರೆಲ್ಲ ಕೇಳುವುದು ಎರಡೇ ಮಾತು: ಪ್ಯಾಕೇಜ್ ಎಷ್ಟಾಯಿತು, ಎಷ್ಟು ಪಾಯಿಂಟ್ ನೋಡಿದಿರಿ. ಕೇಳಿದವರಲ್ಲಿ ಸಣ್ಣ ಮಕ್ಕಳಿರುವವರೇ ಹೆಚ್ಚು. ಆದ್ದರಿಂದ ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಎಂಟು ವರ್ಷದೊಳಗಿನ ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವವರು ಒಂದೇ ದ್ವೀಪ, ಒಂದೇ ದಂಡೆ ಆರಿಸಿಕೊಂಡು ಅಲ್ಲೇ ಉಳಿಯಬೇಕು, ಪಾಯಿಂಟ್ ಲೆಕ್ಕದ ಪ್ರವಾಸ ಮಕ್ಕಳಿಗೆ ತಕ್ಕುದಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಇದನ್ನು ನಾನು ಮೊದಲೇ ತಿಳಿದು ಹೋದವಳಲ್ಲ, ಮಗನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದ ಮೇಲೆ ತಿಳಿದುಕೊಂಡವಳು.

ನಮ್ಮೂರಿನ ಒಬ್ಬ ಏಜೆಂಟರು ಮಾಡಿಕೊಟ್ಟ ಪಟ್ಟಿ ಹೀಗಿತ್ತು. ರಾತ್ರಿ ರೈಲಿನಲ್ಲಿ ಹೈದರಾಬಾದ್, ಅಲ್ಲಿಂದ ವಿಮಾನ. ಇಳಿದ ದಿನವೇ ಸೆಲ್ಯುಲರ್ ಜೈಲು ಮತ್ತು ಸಂಜೆಯ ಧ್ವನಿ-ಬೆಳಕು ಕಾರ್ಯಕ್ರಮ. ಮರುದಿನ ಬೆಳಗಿನ ಹಡಗಿಗೆ ಹ್ಯಾವ್ಲಾಕ್, ಮಧ್ಯಾಹ್ನ ರಾಧಾನಗರ ಬೀಚ್. ಮೂರನೆಯ ದಿನ ಸ್ಪೀಡ್ ಬೋಟಿನಲ್ಲಿ ಎಲಿಫೆಂಟ್ ಬೀಚ್, ನಾಲ್ಕನೆಯ ದಿನ ನೀಲ್ ದ್ವೀಪ, ಆಮೇಲೆ ಮತ್ತೆ ಹಡಗು, ಮತ್ತೆ ರಾಸ್ ದ್ವೀಪ. ಕಾಗದದ ಮೇಲೆ ನೋಡಿದಾಗ ಕೊಟ್ಟ ಹಣಕ್ಕೆ ಒಂದು ತಾಸೂ ವ್ಯರ್ಥವಾಗುವುದಿಲ್ಲ ಎನ್ನಿಸಿತ್ತು. (ವಿಮಾನ ಇಳಿಯುವ ಊರಿನ ಹೆಸರು 2024ರಿಂದ ಪೋರ್ಟ್ ಬ್ಲೇರ್ ಅಲ್ಲ, ಶ್ರೀ ವಿಜಯಪುರಂ. ಹ್ಯಾವ್ಲಾಕ್ 2018ರಲ್ಲೇ ಸ್ವರಾಜ್ ದ್ವೀಪವಾಗಿದೆ, ನೀಲ್ ಶಹೀದ್ ದ್ವೀಪವಾಗಿದೆ. ಆದರೆ ಟಿಕೆಟಿನಿಂದ ಹಿಡಿದು ಚಾಲಕರ ಬಾಯಿಯವರೆಗೆ ಹಳೆಯ ಹೆಸರುಗಳೇ ಓಡಾಡುತ್ತಿವೆ.)

1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲನ್ನು ದೊಡ್ಡವರು ನೋಡಲೇಬೇಕು. ಆದರೆ ಹಿಂದಿನ ರಾತ್ರಿ ರೈಲಿನಲ್ಲಿ ಕಳೆದ ಮಕ್ಕಳಿಗೆ ಅದು ಕಾಯುವ ಜಾಗ ಮಾತ್ರ. ಧ್ವನಿ-ಬೆಳಕು ಆರಂಭವಾಗುವ ಮೊದಲೇ ಇಬ್ಬರೂ ನಮ್ಮ ತೊಡೆಯ ಮೇಲೆ ಮಲಗಿಬಿಟ್ಟಿದ್ದರು.

ಇದಕ್ಕೊಂದು ಕಾರಣವಿದೆ, ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಇಡೀ ದೇಶಕ್ಕೆ ಗಡಿಯಾರ ಒಂದೇ, ಸೂರ್ಯ ಮಾತ್ರ ಹಾಗಿಲ್ಲ. ಕಲಬುರಗಿ ಇರುವುದು ಹತ್ತಿರ ಹತ್ತಿರ 77 ಡಿಗ್ರಿ ರೇಖಾಂಶದಲ್ಲಿ, ಅಂಡಮಾನ್ 93ರ ಸಮೀಪ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಿಡಿದರೆ ಅಲ್ಲಿ ನಮಗಿಂತ ಒಂದು ತಾಸಿಗೂ ತುಸು ಹೆಚ್ಚು ಮೊದಲೇ ಬೆಳಗಾಗುತ್ತದೆ. ಏಪ್ರಿಲಿನಲ್ಲಿ ಬೆಳಿಗ್ಗೆ ಐದಕ್ಕೆ ಕಿಟಕಿಯಲ್ಲಿ ಬೆಳಕು, ಸಂಜೆ ಐದೂವರೆಗೆ ಸೂರ್ಯಾಸ್ತ. ಮಕ್ಕಳು ಬೆಳಕನ್ನು ಕಂಡು ಏಳುತ್ತಾರೆ, ಕತ್ತಲಾದರೆ ಊಟ ಕೇಳುತ್ತಾರೆ. ನಮ್ಮ ಪಟ್ಟಿಯಾದರೋ ಕಲಬುರಗಿಯ ಗಡಿಯಾರಕ್ಕೆ ಹೊಂದುವಂತೆ ಹತ್ತು ಗಂಟೆಗೆ ಹೊರಡುವುದು, ಹನ್ನೊಂದಕ್ಕೆ ನೀರಿಗಿಳಿಯುವುದು ಎಂದು ಬರೆದಿತ್ತು. ಅಲ್ಲಿಯ ಹನ್ನೊಂದೆಂದರೆ ನೆತ್ತಿಯ ಮೇಲಿನ ಸೂರ್ಯ.

ಹ್ಯಾವ್ಲಾಕಿಗೆ ಹೋಗುವ ಹಡಗಿನಲ್ಲಿ ಮಗ ಎರಡು ಸಲ ವಾಂತಿ ಮಾಡಿಕೊಂಡ. ರಾಧಾನಗರದಲ್ಲಿ ಚಾಲಕರು ಒಂದು ತಾಸು ಕೊಟ್ಟರು, ಅದರಲ್ಲಿ ಅರ್ಧ ತಾಸು ಅವನು ಅಪ್ಪನ ಕುತ್ತಿಗೆ ಬಿಡಲಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿದ ಆ ದಂಡೆ ನಿಜಕ್ಕೂ ಹಾಗೆಯೇ ಇದೆ. ಬಿಳಿ ಮರಳು, ಬೆನ್ನಿಗೆ ದಟ್ಟ ಕಾಡು, ಮುಂದೆ ಪಶ್ಚಿಮದ ಸಮುದ್ರ. ಆದರೆ ಸಮುದ್ರವನ್ನು ಹಿಂದೆಂದೂ ನೋಡದ ಮಗುವಿಗೆ ಅದು ತನ್ನ ಕಡೆಗೇ ಓಡಿಬರುವ, ಸದ್ದು ಮಾಡುವ ದೊಡ್ಡ ಪ್ರಾಣಿ. ಆ ಅಂಜಿಕೆ ಇಳಿಯುವ ಮೊದಲೇ ನಮ್ಮ ಸಮಯ ಮುಗಿದಿತ್ತು.

ಮರುದಿನದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಿಸಿಲೆಂದರೆ ನಮಗೆ ಗೊತ್ತು ಎಂಬ ಧೈರ್ಯ ಕಲಬುರಗಿಯವರಿಗೆ ಸಹಜ, ನನಗೂ ಇತ್ತು. 42 ಡಿಗ್ರಿಯಲ್ಲಿ ಬದುಕುವವರಿಗೆ 32 ಡಿಗ್ರಿ ಏನು ಮಾಡೀತು ಎಂದುಕೊಂಡಿದ್ದೆ. ನಮ್ಮಲ್ಲಿ ಒಣ ಬಿಸಿಲು, ಬೆವರು ಬಂದದ್ದೇ ತಿಳಿಯದ ಹಾಗೆ ಆರುತ್ತದೆ, ಆರುವಾಗ ಮೈಯನ್ನು ತಂಪು ಮಾಡುತ್ತದೆ. ದ್ವೀಪದ ತೇವದ ಗಾಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈಯ ಕಾವು ಒಳಗೇ ಉಳಿಯುತ್ತದೆ. ಮೇಲಾಗಿ ನೀರಿನಲ್ಲಿ ನಿಂತಿದ್ದರೆ ತಂಪೆನಿಸಿ ಬಿಸಿಲು ಗಮನಕ್ಕೇ ಬರುವುದಿಲ್ಲ. ಎಲಿಫೆಂಟ್ ಬೀಚಿನಲ್ಲಿ ಹನ್ನೊಂದರಿಂದ ಒಂದರವರೆಗೆ ಇದ್ದೆವು. ಉಪ್ಪುನೀರು ಬಾಯಿಗೆ ಹೋಗಿದ್ದರಿಂದ ಮಗ ಕುಡಿಯುವ ನೀರನ್ನೂ ಉಪ್ಪೆಂದು ತಿಳಿದು ದೂರ ತಳ್ಳುತ್ತಿದ್ದ. ಸಂಜೆ ನಾಲ್ಕಕ್ಕೆ ಅವನ ತುಟಿ ಒಣಗಿತ್ತು, ಮೈ ಸುಡುತ್ತಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಅವನು ಬೆಳಗಿನಿಂದ ಮೂತ್ರಕ್ಕೇ ಹೋಗಿಲ್ಲವೆಂದು ಮೊದಲು ಗಮನಿಸಿದವರು ಅತ್ತೆಯವರು. ದ್ವೀಪದ ಆರೋಗ್ಯ ಕೇಂದ್ರದ ವೈದ್ಯರು ಓಆರ್‌ಎಸ್ ಕೊಟ್ಟು, ಐದೈದು ನಿಮಿಷಕ್ಕೊಮ್ಮೆ ಒಂದೊಂದು ಚಮಚ ಕುಡಿಸಲು ಹೇಳಿ, ನಮ್ಮನ್ನು ಅಲ್ಲೇ ಕೂರಿಸಿಕೊಂಡರು. ರಾತ್ರಿ ಎಂಟಕ್ಕೆ ಅವನು ಮೂತ್ರಕ್ಕೆ ಹೋದ. ಅವತ್ತು ನಾವು ಪಟ್ಟ ಸಮಾಧಾನವನ್ನು ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ನೀಲ್ ದ್ವೀಪಕ್ಕೆ ಹೋಗುವುದಿಲ್ಲ ಎಂದು ಆ ರಾತ್ರಿಯೇ ನಿಶ್ಚಯಿಸಿದೆವು. ಅಲ್ಲಿಯ ಹೋಟೆಲಿನ ಹಣ ಮರಳಿ ಬರುವುದಿಲ್ಲವೆಂದು ಏಜೆಂಟರು ಫೋನಿನಲ್ಲಿ ಹೇಳಿದರು, ಬರಲೂ ಇಲ್ಲ. ಹೋಗಲಿ ಎಂದುಕೊಂಡೆವು. ಹ್ಯಾವ್ಲಾಕಿನಲ್ಲೇ ಗೋವಿಂದನಗರದ ಬದಿಯಲ್ಲಿ, ಬಂಗಾಳಿ ಕುಟುಂಬವೊಂದು ನಡೆಸುವ ಸಣ್ಣ ವಸತಿಗೃಹಕ್ಕೆ ಸಾಮಾನು ಸಾಗಿಸಿದೆವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರನ್ನು 1950ರ ದಶಕದಲ್ಲಿ ಸರ್ಕಾರ ನೆಲೆಗೊಳಿಸಿದ ಊರುಗಳಿವು. ಅನ್ನ, ಬೇಳೆ, ಬದನೆಕಾಯಿ ಆ ಮನೆಯ ನಿತ್ಯದ ಅಡುಗೆ. ನಾವು ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅದರ ಜೊತೆಗೆ ಸೇರಿ ಮಕ್ಕಳ ಊಟದ ಚಿಂತೆ ತೀರಿತು. ಅಲ್ಲಿ ನಾಲ್ಕು ದಿನ ಉಳಿದೆವು.

ಪೂರ್ವದ ಈ ದಂಡೆಗೆ ಹೆಸರಿಲ್ಲದಿದ್ದರೂ ಸಣ್ಣ ಮಕ್ಕಳಿಗೆ ಇದೇ ಒಳ್ಳೆಯದು. ಇಳಿತದ ಹೊತ್ತಿಗೆ ನೀರು ಬಹಳ ದೂರ ಸರಿದು, ಮೊಣಕಾಲಿಗೂ ಬಾರದ ಆಳ ಉಳಿಯುತ್ತದೆ. ಭರತ ಮತ್ತು ಇಳಿತ ದಿನಕ್ಕೆ ಎರಡೆರಡು ಸಲ ಬರುತ್ತವೆ, ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಮನೆಯ ಯಜಮಾನರನ್ನು ಕೇಳಿ ಮಗಳು ಪ್ರತಿದಿನ ಆ ವೇಳೆಯನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮೂರನೆಯ ದಿನ ಯಾರನ್ನೂ ಕೇಳದೆ ತಾನೇ ಲೆಕ್ಕ ಹಾಕಿ ಹೇಳಿದಳು. ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ಮೂರೂವರೆಯಿಂದ ಕತ್ತಲಾಗುವವರೆಗೆ ದಂಡೆಯ ಮೇಲೆ, ನಡುವೆ ಊಟ, ನಿದ್ದೆ, ಎಳನೀರು. ಬೇರೆ ಕಾರ್ಯಕ್ರಮವೇ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆ ಅತ್ತೆಯವರು ನೀರಿಗೆ ಅರಿಶಿಣ ಕುಂಕುಮ ಏರಿಸಿ, ಕೈ ಮುಗಿದು, ಆಮೇಲೆ ಕಾಲಿಟ್ಟರು. ಅವರಿಗೆ ದೊಡ್ಡ ನೀರೆಂದರೆ ಗಾಣಗಾಪುರದಲ್ಲಿ ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮ. ಮಗಳಿಗೂ ಅಷ್ಟೇ. ಅವಳು ಬಹಳ ಹೊತ್ತು ನೋಡುತ್ತ ನಿಂತು, “ಆಯಿ, ಇದರ ಆಚಿ ದಂಡಿ ಎಲ್ಲದ?” ಎಂದು ಕೇಳಿದಳು. “ಕಾಣಂಗಿಲ್ಲವ್ವ, ಆದ್ರ ಅದ,” ಎಂದರು ಅವರು. ನದಿಯನ್ನಷ್ಟೇ ಕಂಡ ಮಗು ಕೇಳುವ ಪ್ರಶ್ನೆ ಅದು, ಅದಕ್ಕೆ ಉತ್ತರ ಕೊಡಲು ಬಿಡುವಿರುವ ಹಿರಿಯರು ಪಕ್ಕದಲ್ಲಿರಬೇಕು.

ಮಗನ ಅಂಜಿಕೆ ಬಿಡಿಸಿದ್ದು ಏಡಿಗಳು. ನೀರು ಸರಿದ ಒದ್ದೆ ಮರಳಿನಲ್ಲಿ ಶೇಂಗಾ ಕಾಳಿಗಿಂತ ಸಣ್ಣ ಏಡಿಗಳು ತೂತಿನಿಂದ ಹೊರಬಂದು, ಮರಳನ್ನು ಬಾಯಿಗೆ ಹಾಕಿ ಅದರೊಳಗಿನ ಆಹಾರ ಸೋಸಿಕೊಂಡು, ಉಳಿದ ಮರಳನ್ನು ಜೋಳದ ಕಾಳಿನಂಥ ಉಂಡೆ ಮಾಡಿ ಹಿಂದಕ್ಕೆ ದೂಡುತ್ತವೆ. ಹೀಗೆ ಪ್ರತಿ ತೂತಿನ ಸುತ್ತ ರಂಗೋಲಿಯ ಚುಕ್ಕಿಗಳಂತೆ ನೂರಾರು ಉಂಡೆಗಳು ಹರಡಿರುತ್ತವೆ. ನಮ್ಮ ನೆರಳು ಬಿದ್ದರೆ ಏಡಿ ಒಳಗೆ, ಅಲುಗಾಡದೆ ಕುಳಿತರೆ ಸ್ವಲ್ಪ ಹೊತ್ತಿಗೆ ಹೊರಗೆ. ಮನೆಯಲ್ಲಿ ಎರಡು ನಿಮಿಷ ಒಂದೆಡೆ ಕೂರದ ಹುಡುಗ ಕುಕ್ಕರಗಾಲಲ್ಲಿ ಅರ್ಧ ತಾಸು ಕುಳಿತ. ಏಡಿಗಳ ಹಿಂದೆ ಹೋಗುತ್ತ ಹೋಗುತ್ತ ತನಗೇ ತಿಳಿಯದಂತೆ ನೀರಿನಲ್ಲಿ ಕಾಲಿಟ್ಟಿದ್ದ.

ಅದೇ ದಿನ ಸಂಜೆ, ನೀರು ಏರುವ ಹೊತ್ತಿಗೆ, ಅವನ ಫೋಟೋ ತೆಗೆಯಲೆಂದು ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಮೊಣಕಾಲುದ್ದದ ಒಂದು ಅಲೆ ಅವನನ್ನು ಕೆಡವಿತು, ಹಿಂದಿರುಗುವ ನೀರು ಕಾಲಡಿಯ ಮರಳನ್ನೂ ಎಳೆಯಿತು, ಅವನು ಬೋರಲಾಗಿ ನೀರಿನೊಳಗಿದ್ದ. ಮನೆಯವರು ಎತ್ತಿಕೊಳ್ಳಲು ಮೂರು ಸೆಕೆಂಡು ಹಿಡಿದಿರಬಹುದು. ಅವನ ಬಾಯಿಂದ ಒಂದು ಸದ್ದೂ ಬಂದಿರಲಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಏಕೆಂದರೆ ಕೂಗಲು ಬೇಕಾದ ಉಸಿರೇ ಅದರ ಬಳಿ ಇರುವುದಿಲ್ಲ. ಅಂದಿನಿಂದ ನಾವು ಒಂದು ಕಟ್ಟಳೆ ಮಾಡಿಕೊಂಡೆವು: ನೀರಿನಲ್ಲಿ ಮಗುವಿದ್ದಾಗ ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ, ಅವರ ಕೈಯಲ್ಲಿ ಮೊಬೈಲ್ ಇರಕೂಡದು. ಸರದಿ ಬದಲಾದಾಗ “ಈಗ ನಾ ನೋಡ್ತೀನಿ” ಎಂದು ಬಾಯಿಬಿಟ್ಟು ಹೇಳಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದದ್ದನ್ನು ನಾವೆಲ್ಲ ಓದಿದ್ದೇವೆ. ಕೋಲಾರವೂ ನಮ್ಮ ಹಾಗೆಯೇ ಬಯಲುಸೀಮೆ. ನಮ್ಮ ಮಕ್ಕಳಿಗೆ ಕೆರೆ ಗೊತ್ತು, ಕಾಲುವೆ ಗೊತ್ತು, ಅಲೆ ಗೊತ್ತಿಲ್ಲ. ನಾಲ್ಕು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ಶಾಂತವಾಗಿ ಕಂಡರೆ ನಾವು ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತೇವೆ. ಬಹಳ ಸಲ ಸಮುದ್ರದ ಸೆಳೆತ ಇರುವುದೇ ಅಲ್ಲಿ. ದಂಡೆಗೆ ಬಂದ ನೀರೆಲ್ಲ ಆ ಹಾದಿಯಲ್ಲಿ ಒಳಕ್ಕೆ ಮರಳುತ್ತಿರುತ್ತದೆ. ಅದರಲ್ಲಿ ಸಿಕ್ಕವರು ಎದುರು ಈಜಿ ಸೋಲುವುದಕ್ಕಿಂತ ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು, ಈಜು ಬಾರದವರು ತೇಲುತ್ತ ಕೈಯೆತ್ತಿ ನೆರವು ಕೇಳಬೇಕು. ಇದನ್ನು ಕರಾವಳಿಯ ಮಕ್ಕಳು ಹಿರಿಯರಿಂದ ಕೇಳಿ ಬೆಳೆಯುತ್ತಾರೆ. ನಮ್ಮ ಮಕ್ಕಳಿಗೆ ನಾವು ಹೋಗುವ ಮೊದಲೇ ಕೂರಿಸಿ ಹೇಳಬೇಕು. ಅಂಡಮಾನಿನ ಕೆಲವು ಕಡೆ ಮೊಸಳೆಯ ಎಚ್ಚರಿಕೆ ಫಲಕಗಳೂ ಇವೆ. ಅಂಥಲ್ಲಿ ಫಲಕ ಹೇಳಿದ್ದೇ ಕೊನೆಯ ಮಾತು.

ಹೊರಡುವ ಹಿಂದಿನ ದಿನ ಮಗಳು ಸಂಗ್ರಹಿಸಿದ್ದ ಶಂಖಗಳನ್ನೂ ಬಿಳಿಯ ಹವಳದ ತುಂಡುಗಳನ್ನೂ ದಂಡೆಗೆ ಮರಳಿಸಬೇಕಾಯಿತು. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ಸತ್ತ ಹವಳದ ತುಂಡನ್ನೂ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಕಾಯಿದೆಯ ಮಾತಿಗೆ ಅವಳು ಅತ್ತಳು. ಖಾಲಿ ಎಂದುಕೊಂಡಿದ್ದ ಒಂದು ಶಂಖದಿಂದ ಪುಟ್ಟ ಏಡಿಯೊಂದು ಕಾಲು ಚಾಚಿ ಅವಳ ಅಂಗೈ ಮೇಲೆ ನಡೆದಾಗ ಅಳು ನಿಂತಿತು. ಆ ಜಾತಿಯ ಏಡಿಯ ಮೈಯ ಹಿಂಭಾಗಕ್ಕೆ ಸ್ವಂತದ ಗಟ್ಟಿ ಕವಚವಿಲ್ಲ, ಸತ್ತ ಶಂಖದ ಹುಳು ಬಿಟ್ಟ ಚಿಪ್ಪೇ ಅದರ ಮನೆ, ಬೆಳೆದಂತೆ ದೊಡ್ಡ ಚಿಪ್ಪು ಹುಡುಕಬೇಕು. “ಹಂಗಾದ್ರ ನಾವು ಒಯ್ದ್ರ ಇವಕ್ಕ ಮನಿ ಇರಂಗಿಲ್ಲ,” ಎಂದು ತಾನೇ ಹೇಳಿ, ಒಂದೊಂದನ್ನೂ ನೀರಿನ ಅಂಚಿಗೆ ಇಟ್ಟು ಬಂದಳು.

ಹವಳ ಬೇಕೇ ಬೇಕೆಂದಿದ್ದ ಅವಳಿಗೆ ನಮ್ಮ ಮನೆಯವರು ಇನ್ನೊಂದು ಮಾತು ಹೇಳಿದರು. ಹವಳ ಕಟ್ಟುವುದು ಸುಣ್ಣದ ಕಲ್ಲಿನ ಮನೆ. ನಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಕೋಟ್ಯಂತರ ವರ್ಷಗಳ ಹಿಂದೆ, ಹವಳಗಳು ಹುಟ್ಟುವುದಕ್ಕೂ ಮೊದಲು, ನಮ್ಮ ಭೀಮಾ ತೀರದ ಸೀಮೆಯಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕುಳಿತ ಕಲ್ಲದು. ಊರಿಗೆ ಮರಳಿದ ರಾತ್ರಿ ಅವಳು ಹಾಸಿಗೆ ಬಿಟ್ಟು ಫರಸಿಯ ಮೇಲೆ ಮಲಗಿದಳು. ಸೆಕೆಗೆ ನಾವೆಲ್ಲರೂ ಹಾಗೆ ಮಲಗುತ್ತೇವೆ, ಆದರೆ ಅವಳ ಕಾರಣ ಬೇರೆ ಇತ್ತು.

ಮೊನ್ನೆ ಪಕ್ಕದ ಮನೆಯ ಅಕ್ಕ ದಸರಾ ರಜೆಗೆ ಹೋಗುವ ವಿಚಾರ ಹೇಳಿದರು, ಅವರಿಗೆ ಐದು ವರ್ಷದ ಅವಳಿ ಮಕ್ಕಳು. ಅಕ್ಟೋಬರಿನಲ್ಲಿ ಅಲ್ಲಿ ಮಳೆ ಮುಗಿದಿರುವುದಿಲ್ಲ, ಗಾಳಿ ಜೋರಾದರೆ ಹಡಗು ನಿಲ್ಲಿಸುತ್ತಾರೆ, ಏಪ್ರಿಲ್ ರಜೆ ಆರಂಭವಾದ ಕೂಡಲೇ ಹೋಗಿರೆಂದೆ. ಪಟ್ಟಿ ಬರೆದುಕೊಡು ಎಂದು ಪಟ್ಟು ಹಿಡಿದರು. ಹೈದರಾಬಾದಿನ ರೈಲು, ಮರುದಿನದ ವಿಮಾನ, ಶ್ರೀ ವಿಜಯಪುರದಲ್ಲಿ ಒಂದು ರಾತ್ರಿ ಪೂರ್ತಿ ವಿಶ್ರಾಂತಿ, ಹಡಗು ಹತ್ತುವ ಮೊದಲು ವಾಂತಿಯ ಔಷಧಕ್ಕೆ ಮಕ್ಕಳ ವೈದ್ಯರನ್ನು ಕೇಳುವುದು, ಹತ್ತು ಪಾಕೀಟು ಓಆರ್‌ಎಸ್, ಉದ್ದ ತೋಳಿನ ಅಂಗಿ, ಟೊಪ್ಪಿಗೆ, ಎರಡು ಡಬ್ಬಿ ಕಡಕ್ ರೊಟ್ಟಿ ಎಂದು ಬರೆದು, ಕೆಳಗೆ ಐದು ದಿನಗಳ ತಾರೀಖು ಹಾಕಿ ಅವುಗಳ ಮುಂದೆ ಜಾಗ ಖಾಲಿ ಬಿಟ್ಟೆ. ಇಲ್ಲೇನು ಮಾಡುವುದು ಎಂದು ಅಕ್ಕ ಕೇಳಿದರು. ಮಗ ಅಡುಗೆಮನೆಯಿಂದ ಓಡಿಬಂದು, “ಏಡಿ ನೋಡ್ರಿ,” ಎಂದ.