ಆರು ಗಂಟೆ ನಿದ್ದೆ ಸಾಕು ಎಂದವರಿಗೆ

ಮೊನ್ನೆ ಶನಿವಾರ ಮಗಳ ಪಿಯು ಕಾಲೇಜಿನ ಪೋಷಕರ ಸಭೆಗೆ ಹೋಗಿದ್ದೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, ನೀಟ್ ಬರೆಯುವ ಮಕ್ಕಳಿಗೆ ಆರು ಗಂಟೆ ನಿದ್ದೆ ಧಾರಾಳವಾಯಿತು, ಅದಕ್ಕಿಂತ ಹೆಚ್ಚು ಮಲಗುವವರಿಗೆ ಬದುಕಿನಲ್ಲಿ ಗುರಿ ಇಲ್ಲವೆಂದೇ ಅರ್ಥ ಎಂದು ಅಪ್ಪಣೆ ಕೊಡಿಸಿದರು. ಸಭಾಂಗಣದಲ್ಲಿದ್ದ ಅಪ್ಪಂದಿರು ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಆ ಸದ್ದಿಗೆ ಬೆಚ್ಚಿ ಎಚ್ಚರಗೊಂಡು, ಯಾತಕ್ಕೆಂದು ತಿಳಿಯದೆ ತಾನೂ ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಕುತ್ತಿಗೆ ವಾಲಿಸಿದ. ಆ ಸಭೆಯಲ್ಲಿ ವಿಷಯದ ಬಗ್ಗೆ ಅಧಿಕೃತವಾಗಿ ಮಾತನಾಡಿದವನು ಅವನೊಬ್ಬನೇ ಎಂದು ನನ್ನ ಭಾವನೆ.

ನನ್ನನ್ನು ಬಲ್ಲವರಿಗೆ ಮುಂದೇನಾಯಿತೆಂದು ಹೇಳಬೇಕಾಗಿಲ್ಲ. ಎದ್ದು ನಿಂತೆ. ಮಗಳು ಸೀರೆಯ ಸೆರಗು ಜಗ್ಗಿ "ಅಮ್ಮಾ, ಕೂತ್ಕೋ, ಪ್ಲೀಸ್" ಎಂದು ಗೋಗರೆಯುತ್ತಿದ್ದರೂ ಕೇಳದೆ, "ಸಾರ್, ನಿಮ್ಮ ಬಸ್ ನಮ್ಮ ಬಡಾವಣೆಯ ಸರ್ಕಲ್ಲಿಗೆ ಬೆಳಿಗ್ಗೆ 6.15ಕ್ಕೆ ಬರುತ್ತದೆ, ಸಂಜೆಯ ಡೌಟ್ ಕ್ಲಾಸ್ ಮುಗಿಸಿ ಮಗು ಮನೆ ಸೇರುವಾಗ ಏಳು ದಾಟಿರುತ್ತದೆ, ನಾಳೆಯ ಅಸೈನ್‌ಮೆಂಟ್ ವಾಟ್ಸಾಪ್ ಗುಂಪಿಗೆ ಬೀಳುವುದು ರಾತ್ರಿ ಒಂಬತ್ತೂವರೆಗೆ. ಹೀಗಿರುವಾಗ ನೀವು ದಯಪಾಲಿಸಿದ ಆರು ಗಂಟೆಯನ್ನಾದರೂ ಎಲ್ಲಿಂದ ತರಲಿ?" ಎಂದು ಕೇಳಿದೆ. "ಪೋಷಕರೇ ಹೀಗೆ ಮಾತಾಡಿದರೆ ಮಕ್ಕಳ ಗತಿ ಏನು ಮೇಡಂ?" ಎಂಬ ಉತ್ತರ ಬಂತು. ಅದಕ್ಕೂ ಚಪ್ಪಾಳೆ ಬಿತ್ತು.

ಹದಿಹರೆಯದವರು ತಡವಾಗಿ ಮಲಗಿ ತಡವಾಗಿ ಏಳುವುದು ಸೋಮಾರಿತನವಲ್ಲ. ಮೈ ನೆರೆಯುವ ವಯಸ್ಸಿನಲ್ಲಿ ದೇಹದೊಳಗಿನ ಗಡಿಯಾರವೇ ಒಂದೆರಡು ಗಂಟೆ ಹಿಂದೆ ಬೀಳುತ್ತದೆ: ಕತ್ತಲಾಯಿತು, ಇನ್ನು ಮಲಗು ಎಂದು ಮಿದುಳಿಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸಣ್ಣ ಮಕ್ಕಳಲ್ಲಿ ಏರುವ ಹೊತ್ತಿಗೆ ಈ ವಯಸ್ಸಿನವರಲ್ಲಿ ಏರುವುದಿಲ್ಲ, ದಿನವಿಡೀ ಎಚ್ಚರವಿದ್ದುದರಿಂದ ಕವಿಯಬೇಕಾದ ಮಂಪರು ಕೂಡ ನಿಧಾನವಾಗಿಯೇ ಕವಿಯುತ್ತದೆ. ಹಾಗಾಗಿ ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಮಲಗಿಸಿದರೂ ಹದಿನಾರರ ಹುಡುಗಿ ಹನ್ನೊಂದರವರೆಗೆ ಮಗ್ಗುಲು ಬದಲಿಸುತ್ತಾ ಫ್ಯಾನನ್ನು ನೋಡುತ್ತಿರುತ್ತಾಳೆ. ಈ ಹಿಂಜರಿತ ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಮೆಲ್ಲಗೆ ಹಿಂದಿರುಗುತ್ತದೆ. ನಿದ್ದೆಯ ಅಗತ್ಯ ಮಾತ್ರ ಈ ವಯಸ್ಸಿನಲ್ಲಿ ಕಡಿಮೆಯಾಗುವುದಿಲ್ಲ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲೇ ಹೇಳಿದೆ. ಎಂಟರಿಂದ ಹತ್ತು ಎಂದರೆ ಎಂಟರಿಂದ ಹತ್ತು. ನೀಟ್ ಬರೆಯುವವರಿಗೆ ವಿಶೇಷ ರಿಯಾಯಿತಿ ಇದೆಯೆಂದು ಅದರಲ್ಲಿ ಬರೆದಿಲ್ಲ.

ಈ ಮಾತು ಬಂದ ಕೂಡಲೇ ಎಲ್ಲರೂ ಒಂದೇ ಬೆರಳು ತೋರಿಸುತ್ತಾರೆ: ಮೊಬೈಲು. ನಮ್ಮ ಮನೆಯವರೂ ಅದನ್ನೇ ಹೇಳಿದರು, ಅದೂ ತಮ್ಮ ಮೊಬೈಲಿನಿಂದ ತಲೆ ಎತ್ತದೆ. ಮೊಬೈಲಿನ ಪಾಲು ಇಲ್ಲವೆಂದು ನಾನು ವಾದಿಸುವುದಿಲ್ಲ. ಕಣ್ಣಿನ ಹತ್ತಿರ ಹಿಡಿದ ಬೆಳಕು ಮೆಲಟೋನಿನ್ನನ್ನು ಇನ್ನಷ್ಟು ಮುಂದೂಡುತ್ತದೆ, ಬೆಳಕಿಗಿಂತ ಹೆಚ್ಚಾಗಿ ಇನ್ನೊಂದೇ ರೀಲ್ ಎಂಬ ಚಪಲ ಹೊತ್ತು ನುಂಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದದ್ದು ಸುಮ್ಮನೆ ಅಲ್ಲ. ಆದರೆ ಮೇರಿ ಕಾರ್ಸ್‌ಕಾಡನ್ ಎಂಬ ವಿಜ್ಞಾನಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕರೆತಂದು, ರಾತ್ರಿ ಹತ್ತು ಗಂಟೆಗಳ ಕಾಲ ಹಾಸಿಗೆಯಲ್ಲಿರಲು ಬಿಟ್ಟು, ಬೆಳೆದ ಮಕ್ಕಳು ಕೂಡ ಒಂಬತ್ತು ಗಂಟೆಗೂ ಮೇಲ್ಪಟ್ಟು ಮಲಗುತ್ತಾರೆಂದು ಕಂಡುಕೊಂಡದ್ದು 1970ರ ದಶಕದ ಕೊನೆಯಿಂದ ನಡೆದ ಅಧ್ಯಯನದಲ್ಲಿ. ಆಗ ಯಾರ ಜೇಬಿನಲ್ಲಿ ಮೊಬೈಲಿತ್ತು? ಪ್ರಾಯಕ್ಕೆ ಬರುವ ಇಲಿಗಳಲ್ಲಿ ಕೂಡ ಚಟುವಟಿಕೆಯ ಹೊತ್ತು ಹಿಂದೆ ಸರಿಯುವುದನ್ನು ಕಂಡಿದ್ದಾರೆ. ಅವು ಇನ್‌ಸ್ಟಾಗ್ರಾಂ ನೋಡಿ ಕೆಟ್ಟವೆಂದು ಯಾರೂ ಬರೆದಂತಿಲ್ಲ. ಅದೂ ಅಲ್ಲದೆ, ರಾತ್ರಿ ಒಂಬತ್ತೂವರೆಗೆ ಪಾಠದ ಪಿಡಿಎಫ್ ಕಳಿಸಿ, ಬೆಳಿಗ್ಗೆ ಮೊಬೈಲಿನ ದುಷ್ಪರಿಣಾಮಗಳ ಬಗ್ಗೆ ಭಾಷಣ ಮಾಡುವ ಸಂಸ್ಥೆಗಳಿಗೆ ಈ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ಎಲ್ಲಿಯದು?

ಎರಡನೆಯ ಆಕ್ಷೇಪ ಬ್ರಾಹ್ಮೀ ಮುಹೂರ್ತದ್ದು. "ನಾವೆಲ್ಲ ನಾಲ್ಕಕ್ಕೆ ಎದ್ದು ಓದಲಿಲ್ಲವೇ?" ಓದಿದಿರಿ, ನಿಜ. ಆದರೆ ಎಂಟೂವರೆಗೆ ಊಟ ಮುಗಿಸಿ, ಒಂಬತ್ತಕ್ಕೆಲ್ಲ ಊರಿಗೆ ಊರೇ ಮಲಗುತ್ತಿದ್ದ ಕಾಲದಲ್ಲಿ, ಹತ್ತು ಗಂಟೆಗೆ ಶುರುವಾಗುವ ಶಾಲೆಗೆ ನಡೆದು ಹೋಗುತ್ತಿದ್ದವರು ನೀವು. ಇಂದಿನ ಮಗುವಿಗೆ ನಿಮ್ಮ ನಾಲ್ಕು ಗಂಟೆಯನ್ನು ಮಾತ್ರ ದಾನ ಮಾಡಿ, ನಿಮ್ಮ ಒಂಬತ್ತು ಗಂಟೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳುವುದು ಯಾವ ಸೀಮೆಯ ನ್ಯಾಯ? ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸ್ವಭಾವತಃ ಐದಕ್ಕೆ ಏಳುವವಳು, ಅಲಾರಂ ಬೇಡ, ನಮ್ಮ ಅಪ್ಪನೂ ಹಾಗೆಯೇ ಇದ್ದರು. ಅದಕ್ಕಾಗಿ ಜನ ನನ್ನನ್ನು ಶಿಸ್ತಿನ ಹೆಂಗಸೆಂದು ಹೊಗಳುವಾಗ ಒಳಗೊಳಗೇ ನಗು ಬರುತ್ತದೆ. ಅಪ್ಪನಿಂದ ಬಂದ ಗುಣಕ್ಕೆ ನನಗೇಕೆ ಬಹುಮಾನ?

ಈ ಚಾಳಿ ಖಾಸಗಿ ಕಾಲೇಜುಗಳಿಗೆ ಮಾತ್ರ ಮೀಸಲಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಶಿಕ್ಷಕರು ಬೆಳಗಿನ ಜಾವ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವುದು ನಮ್ಮಲ್ಲಿ ಹಲವು ಕಡೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಅದು ಮಾದರಿ ಕಾರ್ಯವೆಂದು ಬರುತ್ತದೆ. ನಾನೂ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳ ಸಾಲಿಗೆ ಸೇರಿದವಳೇ, ಸಹೋದ್ಯೋಗಿಗಳ ಕಾಳಜಿಯ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಆದರೆ ರಾತ್ರಿ ಹತ್ತಕ್ಕೆ ಅದೇ ಮನೆಗೆ ಫೋನ್ ಮಾಡಿ "ಮಗು, ಪುಸ್ತಕ ಮುಚ್ಚು, ಮಲಗು" ಎಂದ ಶಿಕ್ಷಕರ ಸುದ್ದಿಯನ್ನು ನಾನಿನ್ನೂ ಓದಿಲ್ಲ. ನಿದ್ದೆಯ ಮೊದಲ ಭಾಗದಲ್ಲಿ ಗಾಢನಿದ್ರೆ ಹೆಚ್ಚು, ಕನಸುಗಳ ನಿದ್ದೆ ಬಹುಪಾಲು ಬರುವುದು ಕೊನೆಯ ಗಂಟೆಗಳಲ್ಲಿ. ಹಗಲು ಓದಿದ್ದನ್ನು ಮಿದುಳು ಗಟ್ಟಿಮಾಡಿಕೊಳ್ಳುವ ಕೆಲಸಕ್ಕೆ ಎರಡೂ ಬೇಕು. ನಡುರಾತ್ರಿ ಮಲಗಿದವರನ್ನು ಐದಕ್ಕೆ ಎಬ್ಬಿಸಿದರೆ ಕತ್ತರಿಸಿ ಹೋಗುವುದು ಆ ಕೊನೆಯ ಭಾಗವೇ. ಓದಲೆಂದು ಎಬ್ಬಿಸಿ, ಓದಿದ್ದು ನಿಲ್ಲದಂತೆ ಮಾಡುವ ಈ ವ್ಯವಸ್ಥೆಗೆ ನಾವು ಲಕ್ಷಗಟ್ಟಲೆ ಶುಲ್ಕ ಕಟ್ಟುತ್ತಿದ್ದೇವೆ, ಅದೂ ಕಂತಿನಲ್ಲಿ.

ಬೇರೆಯವರು ಏನು ಮಾಡಿದ್ದಾರೆ ಎಂದು ಕೇಳುವವರಿಗೆ: ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದೆಂದು 2014ರಲ್ಲಿ ಸಲಹೆ ನೀಡಿತು. ಸಿಯಾಟಲ್ ನಗರ 2016ರಲ್ಲಿ ತನ್ನ ಹೈಸ್ಕೂಲುಗಳ ಆರಂಭವನ್ನು 7.50ರಿಂದ 8.45ಕ್ಕೆ ಸರಿಸಿದಾಗ, ಅನುಮಾನಪಟ್ಟಂತೆ ಮಕ್ಕಳು ಇನ್ನೂ ತಡವಾಗಿ ಮಲಗಲಿಲ್ಲ. ಕೈಗೆ ಕಟ್ಟಿದ ಉಪಕರಣದಿಂದ ಅಳೆದಾಗ ದಿನಕ್ಕೆ 34 ನಿಮಿಷ ಹೆಚ್ಚು ನಿದ್ದೆ ಸಿಕ್ಕಿದ್ದು ಕಂಡುಬಂತು. ಕ್ಯಾಲಿಫೋರ್ನಿಯಾ ಹೈಸ್ಕೂಲುಗಳಿಗೆ ಆ 8.30ರ ಸಲಹೆಯನ್ನೇ ಕಾನೂನು ಮಾಡಿ 2022ರಿಂದ ಜಾರಿಗೆ ತಂದಿದೆ. ನಮ್ಮ ಪಕ್ಕದ ಮಹಾರಾಷ್ಟ್ರ 2024ರಲ್ಲಿ, ನಾಲ್ಕನೆಯ ತರಗತಿಯವರೆಗಿನ ಮಕ್ಕಳಿಗೆ ಒಂಬತ್ತಕ್ಕಿಂತ ಮೊದಲು ಶಾಲೆ ಬೇಡವೆಂದು ಆದೇಶಿಸಿತು. ಒಳ್ಳೆಯದೇ, ಆದರೆ ತಾನಾಗಿಯೇ ಬೇಗ ಏಳುವ ವಯಸ್ಸಿನವರಿಗೆ ದೊರೆತ ಕರುಣೆ ಏಳಲಾರದ ವಯಸ್ಸಿನವರಿಗೆ ದೊರೆಯಲಿಲ್ಲ. ನಮ್ಮಲ್ಲಿ 2023ರಲ್ಲಿ ಬೆಂಗಳೂರಿನ ಶಾಲಾ ಸಮಯದ ಚರ್ಚೆ ಎದ್ದಿತ್ತು, ಆದರೆ ಎದ್ದದ್ದು ಟ್ರಾಫಿಕ್ ಜಾಮಿನ ಕಾರಣಕ್ಕೆ. ವಾಹನಗಳ ಹಿತದಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ದೇಹದ ಗಡಿಯಾರದ ಸಂಶೋಧನೆ ಪರದೇಶದ ಸರಕು ಎಂದು ಮೂಗು ಮುರಿಯುವವರು, ಎಂ.ಕೆ. ಚಂದ್ರಶೇಖರನ್ ಅವರು ಮಧುರೈಯಲ್ಲಿ ಬಾವಲಿಗಳಿಂದ ಹಿಡಿದು ಮನುಷ್ಯರವರೆಗೆ ಅದನ್ನು ಅಧ್ಯಯನ ಮಾಡಿ, ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದರು ಎಂಬುದನ್ನು ನೆನಪಿಡುವುದು ಒಳ್ಳೆಯದು. ನಮ್ಮ ಬಾವಲಿಗಳ ನಿದ್ದೆಯನ್ನು ನಮ್ಮ ಮಕ್ಕಳ ನಿದ್ದೆಗಿಂತ ಗಂಭೀರವಾಗಿ ಪರಿಗಣಿಸಲಾಗಿದೆ.

ಹಾಗಾದರೆ ಮನೆಯಲ್ಲಿ ಕೈಕಟ್ಟಿ ಕುಳಿತುಕೊಳ್ಳಬೇಕೇ ಎಂದು ಗೆಳತಿಯೊಬ್ಬಳು ಕೇಳಿದಳು. ಇಲ್ಲ. ನಮ್ಮ ಮನೆಯಲ್ಲಿ ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲುಗಳೂ, ಮನೆಯವರದ್ದೂ ಸೇರಿ, ಹಾಲಿನ ಟಿವಿ ಸ್ಟ್ಯಾಂಡಿನ ಮೇಲೆ ಚಾರ್ಜಿಗೆ ಹೋಗುತ್ತವೆ. ಮೊದಲ ವಾರ ಹೆಚ್ಚು ಗಲಾಟೆ ಮಾಡಿದ್ದು ಮಗಳಲ್ಲ. ಸಂಜೆ ನಾಲ್ಕರ ಮೇಲೆ ಅವಳಿಗೆ ಕಾಫಿ ಇಲ್ಲ, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಗಳ ನಂತರವೂ ಮೈಯಲ್ಲೇ ಉಳಿದಿರುತ್ತದೆ. ಎದ್ದ ಮೇಲೆ ಟೆರೇಸಿನ ಬೆಳಕಿನಲ್ಲಿ ಹಲ್ಲುಜ್ಜಿದರೆ ಒಳಗಿನ ಗಡಿಯಾರ ತುಸು ಮುಂದಕ್ಕೆ ಬರುತ್ತದೆ, ಆದರೆ ಅದಕ್ಕೂ ಭಾನುವಾರವೇ ಆಗಬೇಕು. ಉಳಿದ ದಿನ ಅವಳು ಏಳುವಾಗ ಸೂರ್ಯನೇ ಎದ್ದಿರುವುದಿಲ್ಲ. ಭಾನುವಾರ ಹನ್ನೊಂದರವರೆಗೆ ಮಲಗಿದರೆ ಸೋಮವಾರದ ಏಳುವಿಕೆ ಬೇರೆ ದೇಶಕ್ಕೆ ವಿಮಾನ ಇಳಿದಷ್ಟೇ ಕಷ್ಟವಾಗುವುದೆಂದು ಬಲ್ಲವರು ಹೇಳುತ್ತಾರೆ, ಆದ್ದರಿಂದ ಎಂಟಕ್ಕೆ ದೋಸೆಯ ಆಮಿಷ ಒಡ್ಡುತ್ತೇನೆ. ಇಷ್ಟೆಲ್ಲ ಮಾಡಿದರೂ ದಿನಕ್ಕೆ ಸಿಗುವ ನಿದ್ದೆ ಆರೂವರೆ ಗಂಟೆ ದಾಟುವುದಿಲ್ಲ, ಏಕೆಂದರೆ ಬಸ್ಸು ಮಾತ್ರ 6.15ಕ್ಕೇ ಬರುತ್ತದೆ. ಮನೆಯವರ ಕೈಯಲ್ಲಿರುವುದು ರಾತ್ರಿಯ ತುದಿ ಮಾತ್ರ, ಬೆಳಗಿನ ತುದಿಯನ್ನು ಕಾಲೇಜು ಹಿಡಿದುಕೊಂಡಿದೆ. ಹಾಗಿದ್ದೂ ಸಭೆಯಲ್ಲಿ ಬುದ್ಧಿಮಾತು ಕೇಳಿಸಿಕೊಳ್ಳಬೇಕಾದವರು ನಾವು.

ಬೆಳಗಿನ ಮೊದಲ ತರಗತಿಯನ್ನು ಎಂಟೂವರೆಗೆ ಸರಿಸಬೇಕು, ಸೋಮವಾರದ ಟೆಸ್ಟನ್ನು ಮಧ್ಯಾಹ್ನಕ್ಕೆ ಇಡಬೇಕು, ಸಂಜೆ ಏಳರ ನಂತರ ಗುಂಪಿನಲ್ಲಿ ಯಾವ ಪಿಡಿಎಫ್ ಕೂಡ ಹಾಕಬಾರದು ಎಂದು ಕೋರಿ ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇನೆ. ಆ ಕಾಲೇಜು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಮಗಳಿಗೆ ಮಾತು ಕೊಟ್ಟಿದ್ದೇನೆ. ಅಲ್ಲಿ ಮಕ್ಕಳನ್ನು ಓದಿಸುತ್ತಿರುವವರಿಗೆ ಗೊತ್ತಾಗಿಯೇ ಇರುತ್ತದೆ, ಸಹಿ ಹಾಕುವ ಮನಸ್ಸಿದ್ದವರು ಇನ್‌ಬಾಕ್ಸಿಗೆ ಬನ್ನಿ. "ನಾವೆಲ್ಲ ಹಾಗೇ ಓದಲಿಲ್ಲವೇ" ಎಂದು ಕಮೆಂಟ್ ಬರೆಯಲು ಬಂದವರು, ಆಗ ನಿಮ್ಮ ಮನೆಯಲ್ಲಿ ರಾತ್ರಿ ಎಷ್ಟು ಗಂಟೆಗೆ ದೀಪ ಆರುತ್ತಿತ್ತು ಎಂಬುದನ್ನೂ ಜೊತೆಗೇ ಬರೆಯತಕ್ಕದ್ದು. ಅದಿಲ್ಲದ ಕಮೆಂಟುಗಳಿಗೆ ನಾನು ಉತ್ತರಿಸುವುದಿಲ್ಲ.