ಕನಾರ್ಟಕ ಅಂತ ಯಾಕೆ ಬರ್ತದ?

ಕಲಬುರಗಿಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ 371(ಜೆ) ಮೀಸಲಾತಿಯ ಅರ್ಜಿಯಿಂದ ಮದುವೆ ಪತ್ರಿಕೆ ತನಕ ಹಳೆಯ ಆಸ್ಕಿ ಫಾಂಟಿನಲ್ಲೇ ಟೈಪಾಗುತ್ತದೆ. ಅದೇ ಫೈಲನ್ನು ಮೊಬೈಲಿನಲ್ಲಿ ತೆರೆದು ನೋಡ್ರಿ: "ಕನ್ನಡ" ಇರಬೇಕಾದ ಕಡೆ ಇಂಗ್ಲಿಷ್ ಪಿ, ಅದರ ಪಕ್ಕ ತಲೆಮೇಲೆ ಗೆರೆಯಿರುವ ಎ, ನಡುವೆ ಪೌಂಡ್ ಚಿಹ್ನೆ! ಅಲ್ಲಿ ಕನ್ನಡ ಇರಲೇ ಇಲ್ಲ. ಇಂಗ್ಲಿಷ್ ಸಂಕೇತಗಳಿಗೆ ಆ ಒಂದು ಫಾಂಟು ಕನ್ನಡದ ಚಿತ್ರ ಅಂಟಿಸಿತ್ತು, ಅಷ್ಟೇ. ಫಾಂಟು ಹೋದರೆ ಭಾಷೆಯೂ ಹೋಯಿತು.

ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣುತ್ತದೆ, ಆದರೆ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಸಿಗದು.

ಹಳೆಯ ಫೈಲನ್ನು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ವ್ಯವಸ್ಥೆಗೆ, ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು (ಅಕ್ಷರದ ಪಕ್ಕ ಬರೆಯುವ ರ್ ಗುರುತು) ಕೈಕೊಡುತ್ತದೆ. ಹಳೆಯ ಫಾಂಟಿನಲ್ಲಿ "ಕರ್ನಾಟಕ" ಬರೆದರೆ, ಕಾಣುವ ಕ್ರಮದಂತೆ "ನಾ" ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರ್, ಆಮೇಲೆ ನಾ. ಇದನ್ನು ಅದಲುಬದಲು ಮಾಡದ ಪರಿವರ್ತಕ ರಾಜ್ಯದ ಹೆಸರನ್ನೇ "ಕನಾರ್ಟಕ" ಮಾಡುತ್ತದೆ. ಅದು ಹಾಗೇ ಪ್ರಿಂಟಾಗಿ, ಸೀಲು ಬಿದ್ದು ಹೊರಗೆ ಬರುತ್ತದೆ. ಹೊಟ್ಟೆ ಉರಿಯುತ್ತದೆ.

ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಲಿಬ್ರೆಆಫೀಸ್ ತಂತ್ರಾಂಶ, ನೋಟೋ ಸ್ಯಾನ್ಸ್ ಕನ್ನಡ ಫಾಂಟು ಎರಡಕ್ಕೂ ಬಿಡಿಗಾಸು ಕೊಡಬೇಕಿಲ್ಲ, ಲೈಸೆನ್ಸೂ ಮುಕ್ತ. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಯೂನಿಕೋಡಿಗೂ ಸಿಗುತ್ತದೆ, ಬೆರಳಿಗೆ ಹೊಸ ಪಾಠವಿಲ್ಲ. ಹಳೆಯ ಫೈಲು ಪರಿವರ್ತಿಸಿದ ಮೇಲೆ "ನಾರ್ಟ", "ಕಾಯರ್" ಅಂತ ಒಮ್ಮೆ ಹುಡುಕಿ ತಿದ್ದಿರಿ. ಹೊಸದನ್ನಾದರೂ ಯೂನಿಕೋಡಿನಲ್ಲೇ ಟೈಪ್ ಮಾಡ್ರಿ.