ಕಿಟಕಿಗೇನು ಅವಸರ?

ನಡುರಾತ್ರಿ ಎದ್ದು ಕುಳಿತು, "ಅಯ್ಯೋ, ಕಿಟಕಿಯ ಗಾಜು ಮಸುಕಾಗಿದೆ, ಈಗಲೇ ಯಾರನ್ನಾದರೂ ಕರೆಸಿ" ಎಂದು ಬೊಬ್ಬೆ ಹೊಡೆದವರನ್ನು ನಾನಂತೂ ಕಂಡಿಲ್ಲ. ನಲ್ಲಿ ಕಿತ್ತುಬಂದರೆ ಹೊಡೆಯುತ್ತಾರೆ. ಬೀಗದ ಕೈ ಒಳಗೇ ಉಳಿದು ಬಾಗಿಲು ಮುಚ್ಚಿಕೊಂಡರೆ ಹೊಡೆಯುತ್ತಾರೆ. ಕಿಟಕಿಯ ಕೊಳೆ ಮಾತ್ರ ಬಲು ಸಂಭಾವಿತ. ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದ ಹತ್ತು ನಿಮಿಷ ತನ್ನ ವಿಶ್ವರೂಪ ತೋರಿಸಿ, ಬಿಸಿಲು ಸರಿಯುತ್ತಿದ್ದಂತೆ ಮಾಯವಾಗುತ್ತದೆ. ನಾವೂ ಮರೆತುಬಿಡುತ್ತೇವೆ.

ನಮ್ಮ ಮನೆಯಲ್ಲಿ ಮರೆಯುವುದು ಕಷ್ಟ. ಆ ಹತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಒಂದು ದಿನ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಹೊರಗೆ ಮಂಜು ಬಿದ್ದಿದೆಯೇನಮ್ಮಾ?" ಎಂದು ಕೇಳಿದರು. ಮಂಜು ಬಿದ್ದಿರಲಿಲ್ಲ. ನಾನು ಮೊಬೈಲ್ ತೆಗೆದುಕೊಂಡು, ಮನೆ ಶುಚಿ ಮಾಡುವವರನ್ನು ಕಳಿಸಿಕೊಡುವ ಆ್ಯಪ್ ತೆರೆದೆ.

ಆ್ಯಪ್ ಕೇಳಿದ ಮೊದಲ ಪ್ರಶ್ನೆ: ನಿಮ್ಮ ಮನೆಯಲ್ಲಿ ಎಷ್ಟು ಕಿಟಕಿಗಳಿವೆ? ನೋಡಲು ಸುಲಭದ ಪ್ರಶ್ನೆ. ಆದರೆ ನಮ್ಮ ಹಾಲ್‌ನ ಕಿಟಕಿಗೆ ಸರಿಯುವ ಎರಡು ಬಾಗಿಲುಗಳು, ಅವುಗಳ ಮೇಲೆ ಅಲುಗಾಡದ ಒಂದು ಗಾಜು. ಇದು ಒಂದೋ ಮೂರೋ? ಬಾಲ್ಕನಿಗೆ ಹೋಗುವ ಗಾಜಿನ ಬಾಗಿಲನ್ನು ಯಾವ ಜಾತಿಗೆ ಸೇರಿಸಬೇಕು? ಚೌಕಟ್ಟನ್ನು ಲೆಕ್ಕ ಹಾಕಬೇಕು, ಗಾಜನ್ನಲ್ಲ ಎಂದು ಯಜಮಾನರು ವಾದಿಸಿದರು. ಯಾವುದರಿಂದ ಹೊರಗೆ ನೋಡಬಹುದೋ ಅದು ಮಾತ್ರ ಕಿಟಕಿ ಎಂಬುದು ಅತ್ತೆಯವರ ಸಿದ್ಧಾಂತ. ಅದರ ಪ್ರಕಾರ ಬಚ್ಚಲಿನ ಮಬ್ಬು ಗಾಜಿನ ಕಿಟಕಿ ಬಿದ್ದುಹೋಯಿತು. ಇಂದಿನ ಸ್ಥಿತಿಯಲ್ಲಿ ಹಾಲ್‌ನ ಕಿಟಕಿಯೂ ಬಿದ್ದುಹೋಗುತ್ತದಲ್ಲ ಎಂದು ಯಜಮಾನರು ಕೊಂಕು ತೆಗೆದರು. ಆ್ಯಪ್‌ಗೆ ಈ ತರ್ಕಶಾಸ್ತ್ರ ಬೇಕಿರಲಿಲ್ಲ, ಒಂದು ಸಂಖ್ಯೆ ಬೇಕಿತ್ತು. ಕೊಟ್ಟೆ.

ಅದು ಕೇಳದೆ ಬಿಟ್ಟ ಪ್ರಶ್ನೆಗಳೇ ಮುಖ್ಯವಾದವು ಎಂಬುದು ಆಮೇಲೆ ತಿಳಿಯಿತು. ಕಿಟಕಿಗೆ ಸರಳು ಇದೆಯೇ, ಸೊಳ್ಳೆ ಪರದೆ ಇದೆಯೇ, ಗಾಜಿನ ಮೇಲೆ ಬಣ್ಣದ ಚುಕ್ಕಿಗಳು ಒಣಗಿ ಕೂತಿವೆಯೇ, ಕೊನೆಯ ಸಲ ಒರೆಸಿದ್ದು ಯಾವ ಕಾಲದಲ್ಲಿ, ಕೆಳಗೆ ಏಣಿ ನಿಲ್ಲಲು ಸಮತಟ್ಟಾದ ಜಾಗ ಉಂಟೇ. ಏಣಿಗೆ ಒಂದು ಲೆಕ್ಕವಿದೆ: ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ದೂರವಿರಬೇಕು. ನಮ್ಮ ಮಹಡಿಯ ಕಿಟಕಿಯ ಕೆಳಗೆ ಆ ದೂರದಲ್ಲಿ ಸಾಲಾಗಿ ಹೂಕುಂಡಗಳಿವೆ. ಈ ಕಸುಬಿನವರು ಮನೆ ನೋಡಲು ಬಂದರೆ ಮೊದಲು ನೆಲ ನೋಡುತ್ತಾರೆ, ಆಮೇಲೆ ತಲೆಯೆತ್ತಿ ಗಾಜು ನೋಡುತ್ತಾರೆ. ಆ್ಯಪ್‌ಗೆ ನೋಡಲು ಕಣ್ಣಿಲ್ಲ. ಸಂಖ್ಯೆ ಸಿಕ್ಕಿದ ಕೂಡಲೇ ದರ ಹೇಳಿತು, "ನಿಮ್ಮ ಸಮೀಪದ ತಜ್ಞರನ್ನು ಹುಡುಕುತ್ತಿದ್ದೇವೆ" ಎಂದು ಒಂದು ಚಕ್ರವನ್ನು ತಿರುಗಿಸಿತು.

ತಜ್ಞ ಬಂದ. ಇಪ್ಪತ್ತರ ಆಸುಪಾಸಿನ ಹುಡುಗ, ಬೆನ್ನ ಮೇಲೆ ಚೀಲ. ಚೀಲದಿಂದ ಒಂದು ಬಟ್ಟೆ ಮತ್ತು ನೀಲಿ ದ್ರವದ ಬಾಟಲಿ ಹೊರಬಂದವು. ನಾನು ಉಳಿದದ್ದಕ್ಕಾಗಿ ಕಾದೆ. ಉಳಿದದ್ದು ಇರಲಿಲ್ಲ. "ಏಣಿ ಇದೆಯೇ, ಮೇಡಂ?" ಎಂದ. ನಮ್ಮಲ್ಲಿದ್ದದ್ದು ಮೂರು ಮೆಟ್ಟಿಲಿನ ಸ್ಟೂಲು, ಅದರಲ್ಲೂ ಒಂದು ಮೆಟ್ಟಿಲಿಗೆ ಜೀವಭಯವಿತ್ತು. ಹುಡುಗ ಬೆಳಿಗ್ಗೆ ಒಂದು ಮನೆಯ ಸೋಫಾ ತೊಳೆದು ಬಂದಿದ್ದ, ಸಂಜೆ ಇನ್ನೊಂದು ಮನೆಯ ನೀರಿನ ತೊಟ್ಟಿ ತೊಳೆಯಬೇಕಿತ್ತು. ಆ್ಯಪ್‌ನ ದೃಷ್ಟಿಯಲ್ಲಿ ಕೊಳೆಯೆಲ್ಲ ಒಂದೇ, ಹಾಗಾಗಿ ತಜ್ಞರೂ ಒಬ್ಬರೇ.

ಅವನ ತಪ್ಪೇನೂ ಇಲ್ಲ. ಅವನಿಗೆ ಸಿಕ್ಕ ಹೊತ್ತೇ ಹಾಗಿತ್ತು. ಗಾಜಿನ ಮೇಲೆ ನೇರ ಬಿಸಿಲು ಬಿದ್ದಾಗ ಸೋಪಿನ ನೀರು ಒರೆಸುವ ಮೊದಲೇ ಒಣಗಿ ಗೆರೆ ಬೀಳುತ್ತದೆ. ಅನುಭವಿಗಳು ಮೊದಲು ನೆರಳಿನ ಮಗ್ಗುಲು ಮುಗಿಸಿ, ಬಿಸಿಲು ಸರಿದಂತೆ ಮನೆಯನ್ನು ಸುತ್ತುತ್ತಾರೆ. ಆ್ಯಪ್‌ಗೆ ಗಡಿಯಾರ ಗೊತ್ತು, ಸೂರ್ಯ ಗೊತ್ತಿಲ್ಲ. ಹುಡುಗ ಉರಿಬಿಸಿಲಿನಲ್ಲಿ ನೀಲಿ ದ್ರವ ಚಿಮ್ಮಿಸಿ ವೃತ್ತಾಕಾರವಾಗಿ ಉಜ್ಜಿದ. ಕೊಳೆ ಹೋಗಲಿಲ್ಲ, ಮನೆ ಬದಲಾಯಿಸಿತು ಅಷ್ಟೆ: ನಡುವೆ ಇದ್ದದ್ದು ನಾಲ್ಕು ಮೂಲೆಗೆ ಹೋಗಿ ನೆಲೆಸಿತು. ಅತ್ತೆ ಮರುದಿನ ಕುರ್ಚಿಯಲ್ಲಿ ಕುಳಿತು ತೀರ್ಪು ಕೊಟ್ಟರು: "ನಿನ್ನೆ ಬರೀ ಮಂಜಿತ್ತು. ಇವತ್ತು ಮೋಡವೂ ಬಂದಿದೆ."

ಐದು ನಕ್ಷತ್ರ ಕೊಟ್ಟೆ. ಕೊಡದೆ ಏನು ಮಾಡುವುದು? ಹುಡುಗ ಬಾಗಿಲಲ್ಲಿ ನಿಂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಐದಕ್ಕೆ ನಾಲ್ಕು ಎಂದರೆ ಶಾಲೆಯಲ್ಲಿ ಎಂಬತ್ತು ಅಂಕ, ಮನೆಮಂದಿ ಬೆನ್ನು ತಟ್ಟುತ್ತಾರೆ. ಇಂಥ ಆ್ಯಪ್‌ಗಳಲ್ಲಿ ಅದು ಹೆಚ್ಚುಕಡಿಮೆ ನಪಾಸು, ಮುಂದಿನ ಕೆಲಸ ಸಿಗುವುದು ತಡವಾಗುತ್ತದೆ. ಹೀಗೆ ಎಲ್ಲರೂ ಕರುಣೆಯಿಂದ ಐದೇ ಕೊಡುತ್ತಾ ಹೋಗುವುದರಿಂದ ನಕ್ಷತ್ರ ನೋಡಿ ಒಳ್ಳೆಯ ಕೆಲಸಗಾರರನ್ನು ಆರಿಸುವ ದಾರಿಯೂ ಮುಚ್ಚಿಹೋಗಿದೆ.

ಮತ್ತೆ ಬುಕ್ ಮಾಡಿದಾಗ ಬಂದವರು ಬೇರೆಯೇ ಜಾತಕದವರು. ತಲೆ ನರೆತ ಮನುಷ್ಯ, ಸೊಂಟದಲ್ಲಿ ಒಂದು ಒಣ ಬಟ್ಟೆ, ಕೈಯಲ್ಲಿ ಬಕೆಟ್, ಹಿತ್ತಾಳೆಯ ಹಿಡಿಕೆಗೆ ರಬ್ಬರ್ ಅಂಚು ಕೂರಿಸಿದ ವೈಪರ್, ಹೊರಗೆ ಗಾಡಿಯಲ್ಲಿ ಒಂದು ಉದ್ದನೆಯ ಕೋಲು. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೋಪನ್ನು ಹಾಕಿದ್ದು ಕೆಲವೇ ಹನಿ. ಇಷ್ಟು ಸಾಲುತ್ತದೆಯೇ ಎಂದು ಕೇಳಿದ್ದಕ್ಕೆ, "ಜಾಸ್ತಿಯಾದರೆ ಅದನ್ನೂ ತೊಳೆಯಬೇಕಲ್ಲ, ಅಮ್ಮಾ" ಎಂದರು.

ಅವರ ಕೆಲಸವನ್ನು ನಿಂತು ನೋಡಿದೆ. ಗಾಜನ್ನು ಪೂರ್ತಿ ಒದ್ದೆ ಮಾಡಿ, ಮೇಲಿನ ಅಂಚಿನಲ್ಲಿ ಬೆರಳಗಲ ಮಾತ್ರ ಬಟ್ಟೆಯಿಂದ ಒಣಗಿಸಿದರು. ರಬ್ಬರ್ ಒಣ ಜಾಗದಿಂದ ಹೊರಟರೆ ಮಾತ್ರ ತೊಟ್ಟಿಕ್ಕುವುದಿಲ್ಲವಂತೆ. ಅಲ್ಲಿಂದ ವೈಪರನ್ನು ಹಾವಿನ ನಡಿಗೆಯಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಗಾಜಿನಿಂದ ಒಮ್ಮೆಯೂ ಎತ್ತದೆ ಕೆಳಗಿನವರೆಗೆ ತಂದರು. ಮುಗಿದ ಮೇಲೆ ರಬ್ಬರಿನ ಅಂಚನ್ನು ಬಟ್ಟೆಯಲ್ಲಿ ಒಂದು ಸಲ ಎಳೆದು ಮುಂದಿನ ಗಾಜಿಗೆ ಹೋದರು. ಈಗಿನ ಮಾದರಿಯ ಈ ಹಗುರ ವೈಪರನ್ನು ಅಮೆರಿಕಕ್ಕೆ ವಲಸೆ ಹೋಗಿದ್ದ ಇಟಲಿಯ ಎಟೋರೆ ಸ್ಟೆಕೋನೆ ರೂಪಿಸಿದ. ಪೇಟೆಂಟ್ ಸಿಕ್ಕಿದ್ದು 1936ರಲ್ಲಿ, ಮತ್ತು ಅವನೂ ಕಿಟಕಿ ಒರೆಸುವ ಕಸುಬಿನವನೇ. ಅಲ್ಲಿಂದೀಚೆಗೆ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಬಂದಿದ್ದಾನೆ, ವೈಪರಿನ ಸ್ವರೂಪ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಬದಲಾಯಿಸಬೇಕಾದದ್ದು ಸವೆದ ರಬ್ಬರನ್ನಷ್ಟೇ.

ಮಹಡಿಯ ಕಿಟಕಿಗೆ ಕೋಲು ಹೊರಬಂತು. ತುದಿಯಲ್ಲಿ ಬ್ರಷ್, ಒಳಗೆ ನೀರು ಹರಿಯುವ ಕೊಳವೆ. ನಿಂತದ್ದು ನೆಲದ ಮೇಲೆಯೇ, ಹೂಕುಂಡಗಳಿಗೂ ಏಣಿಗೂ ಮುಖಾಮುಖಿಯೇ ಆಗಲಿಲ್ಲ. ಆ ನೀರು ನಲ್ಲಿಯ ನೀರಲ್ಲ, ಲವಣವನ್ನೆಲ್ಲ ತೆಗೆದು, ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ ಶುದ್ಧಮಾಡಿದ್ದು. ನಲ್ಲಿಯ ನೀರು ಆರಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜಿನ ಮೇಲೆ ಬಿಳಿ ಚುಕ್ಕಿಗಳಾಗಿ ಉಳಿಯುತ್ತವೆ. ಶುದ್ಧ ನೀರಿನಲ್ಲಿ ಉಳಿಯಲು ಏನೂ ಇರುವುದಿಲ್ಲವಾದ್ದರಿಂದ ಒರೆಸುವ ಅಗತ್ಯವೇ ಇಲ್ಲ, ತಾನಾಗಿಯೇ ಒಣಗಲು ಬಿಟ್ಟರಾಯಿತು. ಈ ರಸಾಯನಶಾಸ್ತ್ರವನ್ನು ಅತ್ತೆಯವರಿಗೆ ಯಾರೂ ವಿವರಿಸಿರಲಿಲ್ಲ. ಮಹಡಿಗೆ ಹೋದವರು, "ಈ ಪುಣ್ಯಾತ್ಮ ನೀರು ಸುರಿದು ಹಾಗೇ ಬಿಟ್ಟಿದ್ದಾನಲ್ಲ!" ಎಂದು ಮರುಗಿ, ಒಂದು ಹಳೆಯ ಬಟ್ಟೆಯನ್ನು ನಲ್ಲಿಯ ನೀರಿನಲ್ಲಿ ಅದ್ದಿ, ಹಿಂಡಿ, ಕೈಗೆಟುಕಿದಷ್ಟನ್ನೂ ಚೊಕ್ಕವಾಗಿ ಒರೆಸಿದರು. ಇಂದಿಗೂ ಆ ಕಿಟಕಿಯಲ್ಲಿ ಅತ್ತೆಯವರ ಕೈ ಎಷ್ಟು ಉದ್ದ ಎಂಬುದನ್ನು ಅಳೆದು ಹೇಳಬಹುದು.

ಇದರ ಮೇಲೆ ಆ್ಯಪ್‌ನ ಪರೀಕ್ಷೆ ಬೇರೆ. ಕೆಲಸ ಮುಗಿದದ್ದಕ್ಕೆ ಸಾಕ್ಷಿಯಾಗಿ ಅವರು ಫೋಟೊ ಏರಿಸಬೇಕಿತ್ತು. ಚೆನ್ನಾಗಿ ಒರೆಸಿದ ಗಾಜಿನ ಫೋಟೊದಲ್ಲಿ ಗಾಜು ಹೇಗೆ ಕಂಡೀತು? ಕಂಡದ್ದು ಎದುರು ಮನೆಯವರ ನೀರಿನ ಟ್ಯಾಂಕು, ಅದರ ಮೇಲೆ ಕುಳಿತ ಕಾಗೆ. "ಚಿತ್ರ ಸರಿಯಾಗಿಲ್ಲ, ಮತ್ತೆ ತೆಗೆಯಿರಿ" ಎಂದು ಆ್ಯಪ್ ತಿರಸ್ಕರಿಸಿತು. ಕೊನೆಗೆ ಆ ಹಿರಿಯರು ತಾವೇ ಗಾಜಿನ ಮೇಲೆ ಬೆರಳೊತ್ತಿ ಒಂದು ಗುರುತು ಮೂಡಿಸಿ ಫೋಟೊ ತೆಗೆದರು. ಅದು ಒಪ್ಪಿತವಾಯಿತು. ಆಮೇಲೆ ಗುರುತನ್ನು ಒರೆಸಿದರು.

ನೀರು ಕುಡಿಯುತ್ತಾ ಕುಳಿತಾಗ ಅವರು ಹೇಳಿದ್ದು ಈ ಆ್ಯಪ್‌ಗಳ ಮರ್ಮವನ್ನೇ ಬಿಚ್ಚಿಟ್ಟಿತು. "ಒರೆಸಿದ್ದಕ್ಕಿಂತ ಓಡಾಡಿದ್ದೇ ಜಾಸ್ತಿ, ಅಮ್ಮಾ. ಬೆಳಿಗ್ಗೆ ಆ ತುದಿ, ಈಗ ಈ ತುದಿ." ಅವರ ಕಸುಬು ನಿಂತಿರುವುದೇ ಸರದಿಯ ಮೇಲೆ. ಒಂದೇ ಬೀದಿಯಲ್ಲಿ ಎಂಟು ಮನೆ ಸಿಕ್ಕಿದರೆ ಗಾಡಿ ಒಂದು ಕಡೆ ನಿಲ್ಲುತ್ತದೆ, ಬಕೆಟ್ ಮಾತ್ರ ಮುಂದೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಈ ಸರದಿ ಎಷ್ಟು ಗಟ್ಟಿಯಾದ ಆಸ್ತಿಯೆಂದರೆ, ನಾಲ್ಕು ವಾರಕ್ಕೋ ಎಂಟು ವಾರಕ್ಕೋ ಒಮ್ಮೆ ಹೋಗುವ ಮನೆಗಳ ಪಟ್ಟಿಯನ್ನೇ ಒಬ್ಬರು ಇನ್ನೊಬ್ಬರಿಗೆ ಮಾರುವುದುಂಟು. ಆ್ಯಪ್ ಆ ಎಂಟು ಮನೆಗಳನ್ನು ಎಂಟು ದಿಕ್ಕಿಗೆ ಎರಚುತ್ತದೆ.

ಕ್ಯಾಬಿಗೆ ಈ ಏರ್ಪಾಡು ಒಗ್ಗಿತು, ಏಕೆಂದರೆ ಅಲ್ಲಿ ಓಡಾಟವೇ ಕೆಲಸ. ಪ್ರಯಾಣಿಕರನ್ನು ಇಳಿಸಿದ ಜಾಗದಿಂದಲೇ ಮುಂದಿನ ಬಾಡಿಗೆ ಹುಟ್ಟಬಹುದು. ಏಣಿ, ಬಕೆಟ್ ಹೊತ್ತವರಿಗೆ ಓಡಾಟವೆಲ್ಲ ನಷ್ಟದ ಬಾಬತ್ತು. ಇನ್ನೂ ಒಂದು ವ್ಯತ್ಯಾಸ ಉಂಟು. ಕ್ಯಾಬಿನ ಚಾಲಕನಿಗೆ ಪ್ರತಿ ಸಲವೂ ಹೊಸ ಪ್ರಯಾಣಿಕರನ್ನು ಹುಡುಕಿಕೊಡಬೇಕು, ಆ ಹುಡುಕಾಟಕ್ಕೆ ಕಮಿಷನ್ ಕೇಳಿದರೆ ನ್ಯಾಯವಿದೆ. ಕಿಟಕಿ ಒರೆಸುವವರನ್ನು ಹುಡುಕಿಕೊಡಬೇಕಾದದ್ದು ಒಂದೇ ಸಲ. ಮುಂದೆ ಪ್ರತಿ ಭೇಟಿಗೂ ಕಮಿಷನ್ ಎಂದರೆ, ಮದುವೆ ಮಾಡಿಸಿದ ದಲ್ಲಾಳಿ ಪ್ರತಿ ವಾರ್ಷಿಕೋತ್ಸವಕ್ಕೂ ಬಂದು ಕೈಚಾಚಿದ ಹಾಗಾಯಿತು. ಗಂಡಹೆಂಡಿರು ಹಿತ್ತಲ ಬಾಗಿಲಿನಿಂದ ಓಡಾಡತೊಡಗುವುದು ಸಹಜ. ಫೋನ್ ನಂಬರ್ ಬರೆದ ಚೀಟಿ ಕೈ ಬದಲಾಯಿಸುತ್ತದೆ, ಆ್ಯಪ್ ಹೊರಗುಳಿಯುತ್ತದೆ.

ಈ ಸೋರಿಕೆಗೆ ಆ್ಯಪ್‌ಗಳ ಬಳಿ ಒಳ್ಳೆಯ ಮದ್ದಿಲ್ಲ. ಅಮೆರಿಕದಲ್ಲಿ ಮನೆ ಶುಚಿ ಮಾಡುವವರನ್ನು ಒದಗಿಸುತ್ತಿದ್ದ ಹೋಮ್‌ಜಾಯ್ ಎಂಬ ಕಂಪನಿ 2015ರಲ್ಲಿ ಬಾಗಿಲು ಹಾಕಿತು. ಕೆಲಸಗಾರರು ನೌಕರರೋ ಸ್ವತಂತ್ರರೋ ಎಂಬ ಮೊಕದ್ದಮೆಗಳತ್ತ ಕಂಪನಿ ಬೊಟ್ಟು ಮಾಡಿತು. ಮೊದಲ ಸಲದ ರಿಯಾಯಿತಿಗೆ ಮುಗಿಬಿದ್ದವರು ಎರಡನೆಯ ಸಲಕ್ಕೆ ತಿರುಗಿ ನೋಡಲಿಲ್ಲ ಎಂದು ಹೊರಗಿನವರು ಹೇಳಿದರು. ಎರಡನೆಯದನ್ನು ನಂಬಲು ನನಗೆ ಕಷ್ಟವೇನಿಲ್ಲ. ನನ್ನ ಮೊಬೈಲಿನಲ್ಲೂ ಅಂಥ ರಿಯಾಯಿತಿಗಳು ಸಾಲುಗಟ್ಟಿ ಕೂತಿವೆ. ಒರೆಸಿದ ಮಾರನೆಯ ದಿನವೇ "ನಿಮ್ಮ ಕಿಟಕಿಗಳು ನಿಮ್ಮನ್ನು ನೆನೆಯುತ್ತಿವೆ" ಎಂಬ ಸಂದೇಶ ಬಂದಿತ್ತು.

ಕಿಟಕಿ ಒರೆಸುವವರ ನಷ್ಟದಲ್ಲಿ, ಮಳೆಯ ವಿಷಯಕ್ಕೆ ಬಂದರೆ, ನನ್ನಂಥ ಗ್ರಾಹಕರ ಪಾಲೂ ಇದೆ. ನಾಲ್ಕು ಹನಿ ಬಿದ್ದರೆ ಬುಕಿಂಗ್ ರದ್ದು. ಹೊರಟವರು ಅರ್ಧದಾರಿಯಿಂದ ಹಿಂದಿರುಗಬೇಕು. ಮಳೆನೀರು ಸಾಮಾನ್ಯವಾಗಿ ಶುದ್ಧವೇ, ಗಾಜನ್ನು ಕೆಡಿಸುವುದು ಚೌಕಟ್ಟಿನಲ್ಲಿ ಮೊದಲೇ ಕೂತ ಧೂಳು, ಅದನ್ನು ತೊಳೆದಿದ್ದರೆ ಮಳೆ ಬಂದರೂ ಬಾಧೆಯಿಲ್ಲ ಎಂದು ಈ ಹಿರಿಯರು ಹೇಳಿದರು. ತತ್ತ್ವವಾಗಿ ಒಪ್ಪಿದೆ. ಆದರೆ ಮಳೆ ಸುರಿಯುತ್ತಿರುವಾಗ ದುಡ್ಡು ಕೊಟ್ಟು ಕಿಟಕಿಗೆ ನೀರು ಹಾಕಿಸುವ ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಬೀದಿಯವರು ಏನೆಂದುಕೊಂಡಾರು!

ಹಾಗೆಂದು ಆ್ಯಪ್ ಯಾವುದಕ್ಕೂ ಬಾರದು ಎನ್ನಲಾರೆ. ಬಾಡಿಗೆ ಮನೆ ಬಿಡುವ ಮುನ್ನ, ನೆಂಟರು ಹೊರಟು ರೈಲಿನಲ್ಲಿರುವಾಗ, ಹೀಗೆ ಒಂದೇ ಸಲ ಬೇಕಾದ ಕಡೆ ಅದು ಉಪಯೋಗಕ್ಕೆ ಬರುತ್ತದೆ. ಊರಿಗೆ ಹೊಸಬರಾದ ಕೆಲಸಗಾರರಿಗೆ ಮೊದಲ ಹತ್ತು ಮನೆಯ ಬಾಗಿಲು ತೆರೆಸುತ್ತದೆ. ಈ ಹಿರಿಯರೂ ಅದಕ್ಕೇ ಸೇರಿದ್ದರು. ಹೊಸದಾಗಿ ಬಣ್ಣ ಹೊಡೆಸಿದ ಮನೆಯವರು ಮಾತ್ರ ಹುಷಾರಾಗಿರಬೇಕು. ಒಣಗಿದ ಚುಕ್ಕಿಗಳನ್ನು ಬ್ಲೇಡಿನಿಂದ ಕೆರೆಯುವಾಗ ಗಾಜು ಒದ್ದೆಯಾಗಿರಲೇಬೇಕು, ಕೆಲವು ಗಟ್ಟಿ ಗಾಜುಗಳಿಗೆ ಹಾಗೆ ಮಾಡಿದರೂ ಗೀರು ಬೀಳುತ್ತದೆ. ಸೋಫಾ ತಜ್ಞರ ಕೈಗೆ ಬ್ಲೇಡ್ ಕೊಡಬೇಡಿ.

ಹೊರಡುವಾಗ ಹಿರಿಯರು ಚೀಟಿ ಕೊಟ್ಟರು, ಜೊತೆಗೆ ಷರತ್ತನ್ನೂ ಹಾಕಿದರು. ನಮ್ಮದೊಂದೇ ಮನೆಗಾಗಿ ಬರುವುದು ಅವರಿಗೆ ಗಿಟ್ಟುವುದಿಲ್ಲ. ಇದೇ ಬೀದಿಯಲ್ಲಿ ಇನ್ನು ನಾಲ್ಕು ಮನೆ ಹೊಂದಿಸಿದರೆ ಎರಡು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾರಂತೆ. ಹಾಗಾಗಿ ಈಗ ಗಿರಾಕಿಗಳನ್ನು ಹುಡುಕುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ, ಕಮಿಷನ್ ಇಲ್ಲದೆ. ಇದೊಂದು ನಾಜೂಕಿನ ಉದ್ಯೋಗ. ಜನರ ಮನೆಗೆ ಹೋಗಿ "ನಿಮ್ಮ ಕಿಟಕಿ ಕೊಳೆಯಾಗಿದೆ" ಎಂದು ಹೇಳಿ ಸ್ನೇಹ ಉಳಿಸಿಕೊಳ್ಳಬೇಕು. ಪಕ್ಕದ ಮನೆಯಾಕೆ ಎಲ್ಲವನ್ನೂ ಕೇಳಿ, "ನಮ್ಮ ಕಿಟಕಿಯ ಒಳಗೆ ಏನೇನು ಕಾಣುತ್ತದೆ ಎಂದು ದಿನಾ ನೋಡುತ್ತೀರಾ?" ಎಂದರು. ಕೊಳೆಯಿಂದಾಗಿ ಏನೂ ಕಾಣುವುದಿಲ್ಲ ಎಂದು ಸಮಾಧಾನ ಹೇಳಿದೆ. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ. ಮೂಲೆ ಮನೆಯವರು ಒಪ್ಪಿದ್ದಾರೆ. ಎದುರು ಮನೆಯವರು ಟ್ಯಾಂಕನ್ನೂ ತೊಳೆದುಕೊಡುವುದಾದರೆ ಸೇರುತ್ತೇವೆ ಎನ್ನುತ್ತಿದ್ದಾರೆ, ಅದಕ್ಕೆ ನನಗೆ ಗೊತ್ತಿರುವ ತಜ್ಞ ಆ ಹುಡುಗನೊಬ್ಬನೇ.